ಸಮುದ್ರದ ಸೊನ್ನಿ ಹುಡುಕ್ಕೋತ ಹೋಗಿದ್ದು: ಕಾರವಾರ, ಸಾಣಿಕಟ್ಟಾ, ಮಂಜಗುಣಿ

ನಂದು ಲೆವೆಲ್ ನೋಡೋ ಕೆಲಸ, ಅಂದ್ರ ನೆಲದ ಏರು-ತಗ್ಗು ಅಳಿಯೂದು. ಹುಬ್ಬಳ್ಳಿ-ಧಾರವಾಡ ನಡುವ ಎಲ್ಲೆರ ಗಟಾರ ತೋಡಾಕತ್ತಿದ್ರ, ಲೇಔಟ್ ಹಾಕಾಕತ್ತಿದ್ರ, ರೋಡಿನ ಮಗ್ಗಲಕ ಮೂರು ಕಾಲಿನ ಸ್ಟ್ಯಾಂಡ್ ಮ್ಯಾಲೆ ಮಷಿನ್ ಇಟ್ಟು ಒಂದು ಕಣ್ಣು ಮುಚ್ಚಿ ನಿಂತಾಂವ ಕಂಡ್ರ ಅದು ನಾನ ಇರಬಹುದು. ಅತ್ಲಾಗ 4 ಮೀಟರಿನ ಕಪ್ಪು-ಬಿಳಿ ಪಟ್ಟಿ ಸ್ಟಾಫ್ (ಅಳತಿ ಕೋಲು) ಹಿಡಕೊಂಡು ನಿಲ್ಲೋರು ನಮ್ಮ ಕಾಕಾ. ಸ್ವಂತ ಕಾಕಾ ಏನಲ್ಲ, ಶಿರಹಟ್ಟಿ ಕಡೆಯವರು, 22 ವರ್ಷ ನನ್ನ ಜೋಡಿ ಸ್ಟಾಫ್ ಹಿಡದಾರ, ಹೋದ ವರ್ಷ ಮೊಣಕಾಲು ಕೇಳವಲ್ದು ಅಂತ ಬಿಟ್ರು. ಇಷ್ಟು ವರ್ಷ ನಾವು ಬರದ ಎಲ್ಲಾ ಲೆಕ್ಕಕ್ಕೂ ಬುಡ ಒಂದ, ಸಮುದ್ರ ಮಟ್ಟ, ಅದ ನಮಗ ಸೊನ್ನಿ. ಹುಬ್ಬಳ್ಳಿ ಸ್ಟೇಷನ್ನಿನ ಹಳದಿ ಬೋರ್ಡಿನ ಮ್ಯಾಲೂ ಅದನ್ನ ಬರದಿರ್ತಾರಲ್ರಿ, ಸಮುದ್ರ ಮಟ್ಟದಿಂದ ಇಷ್ಟು ಮೀಟರ್ ಎತ್ತರ, 600 ಚಿಲ್ಲರೆ ಅಂತ. ಆದ್ರ ಕಾಕಾ ಆ ಮಟ್ಟ ಒಂದ ಸಲನೂ ಕಣ್ಣಿಲೆ ನೋಡಿರಲಿಲ್ಲ. ನಾ ಗೋವಾಕ್ಕ ಎರಡು ಸಲ ಹೋಗೇನಿ ಖರೆ, ಅಲ್ಲಿ ಲೆವೆಲ್ ನೋಡಾಕ ಯಾರು ಹೋಗ್ತಾರ.

ಇದಕ್ಕ ಕಿಡಿ ಹಚ್ಚಿದಾಕಿ ನನ್ನ ಮಗಳು. ಏಳನೇತ್ತ ಮುಗಿಸ್ಯಾಳ, ಸೂಟಿ ಪ್ರಾಜೆಕ್ಟು ಕೊಟ್ಟಿದ್ರು, ಕರ್ನಾಟಕದ ಕರಾವಳಿ ಉದ್ದ ಎಷ್ಟು ಅಂತ. ಪುಸ್ತಕದಾಗ 320 ಕಿಮೀ, ಒಂದು ಕಡೆ 280, ಇನ್ನೊಂದು ಕಡೆ ಹೊಸಾ ಲೆಕ್ಕ 343. ಅಕಿ ಗ್ವಾಡಿ ನಕ್ಷೆ ಮ್ಯಾಲೆ ಹೊಲಿಗಿ ದಾರ ಇಟ್ಟು ಅಳದು, ಆಮ್ಯಾಲೆ ನನ್ನ ಕಡೆ ಇದ್ದ ದೊಡ್ಡ ಶೀಟಿನ ಮ್ಯಾಲೆ ಅಳದ್ರ ದಾರ ಇನ್ನೂ ಉದ್ದ ಬಂತು. "ಪಪ್ಪಾ, ಸಮುದ್ರ ಬೆಳಿತೈತೇನು?" ಅಂದ್ಲು. ನಾ ಏನೇನೋ ಹೇಳಾಕ ಹೋಗಿ ನಾನ ಗೋಜಲಾದೆ. ಮನಿಯಾಕಿ ಗದಗಿಗೆ ತಂಗಿ ಮಗನ ಜವಳಕ್ಕ ಹೋಗೂದಿತ್ತು, ಮೂರು ದಿನ ಖಾಲಿ, ನಡೀರಿ ಅಂತ ಕಾಕಾಗೂ ಫೋನ್ ಹಚ್ಚಿದೆ. ಕಾಕಾ ಕೇಳಿದ್ದು ಒಂದ ಮಾತು, "ಸ್ಟಾಫ್ ತರಲ್ಯಾ?"

ಮೊದಲನೇ ದಿನ, ಶನಿವಾರ

ಮುಂಜಾನೆ 6ಕ್ಕ ಬಿಟ್ವಿ. ಡಿಕ್ಕಿಯೊಳಗ ಮಷಿನ್, ಸ್ಟ್ಯಾಂಡು, ಸ್ಟಾಫ್, ಮ್ಯಾಲೆ ಒಂದು ಗಂಟು ಕಡಕ್ ರೊಟ್ಟಿ, ಶೇಂಗಾ ಚಟ್ನಿ, ಕೆಂಪಖಾರ. ಕಲಘಟಗಿಯೊಳಗ ಬಣ್ಣದ ತೊಟ್ಟಿಲಾ ಮಾಡೋ ಅಂಗಡಿ ಇನ್ನೂ ತಗದಿರಲಿಲ್ಲ. ಯಲ್ಲಾಪುರದಾಗ ಚಾ, ಬನ್ಸು. ಬನ್ಸ್ ಅಂದ್ರ ಇಲ್ಲಿ ಬಾಳೆಹಣ್ಣು ಹಾಕಿ ಕರದ ಪೂರಿ ಅಂತ ಕಾಕಾಗ ಗೊತ್ತಿರಲಿಲ್ಲ, ಬೇಕರಿ ಬನ್ ಕೊಡ್ರಿ ಇದಲ್ಲ ಅಂತ ಹೊಳ್ಳಿ ಕೊಡಾಕ ಹೋಗಿದ್ರು. ತಿಂದ ಮ್ಯಾಲೆ ಇನ್ನೆರಡು ಕಟ್ಟಿಸಿಕೊಂಡ್ರು.

ಮಗಳು ಫೋನಿನ್ಯಾಗ ಎತ್ತರ ತೋರಸೋ ಆ್ಯಪ್ ಹಾಕ್ಕೊಂಡು ಕುಂತಿದ್ಲು. ಅರಬೈಲ್ ಘಟ್ಟ ಇಳಿಯಾಕತ್ತಿದ್ವಿ, ಅಕಿ ಓದಾಕತ್ಲು, ನಾನೂರು, ಮುನ್ನೂರಾ ಐವತ್ತು, ಮುನ್ನೂರು ಅಂತ, ಲಿಫ್ಟಿನ್ಯಾಗ ಕುಂತಂಗ. ನಮ್ಮ ಮುಂದ ಒಂದು ಲಾರಿ ಬ್ರೇಕ್ ಲೈನರ್ ಸುಟ್ಟ ವಾಸನಿ ಬಿಟಕೋತ ಬಸವನಹುಳದಂಗ ಹೊಂಟಿತ್ತು. ಈ ಘಟ್ಟದಾಗ ಓವರ್‌ಟೇಕ್ ಮಾಡೂ ಉಸಾಬರಿಗೆ ಹೋಗಬ್ಯಾಡ್ರಿ, ಅರ್ಧ ತಾಸು ಹೋದ್ರ ಹೋಗ್ಲಿ. ಆ ಅರ್ಧ ತಾಸಿನ್ಯಾಗ ನಾ ಕಾಕಾಗ ಬ್ರಿಟಿಷರ ಕಾಲದಾಗ ದೇಶ ಅಳಿಯಾಕ ನಿಂತ ಲ್ಯಾಂಬ್ಟನ್ ಸಾಹೇಬನ ಕಥಿ ಹೇಳಿದೆ. 1802ರಾಗ ಮದ್ರಾಸಿನ ಸೇಂಟ್ ಥಾಮಸ್ ಮೌಂಟ್ ಹತ್ರ ಸರಪಳಿ ಹಾಸಿ ಅಳತಿ ಶುರು ಮಾಡಿದ, ಅಲ್ಲಿಂದ ತ್ರಿಕೋನ ಕಟಗೋತ ಕಟಗೋತ ಈ ಕಡೆ ಮಂಗಳೂರಿನ ಸಮುದ್ರದ ತನಕ ಬಂದ, ಲೆಕ್ಕ ತಗದ್ರ ಎರಡು ಸಮುದ್ರದ ನಡುವಿನ ನೆಲ ಹಳೇ ನಕ್ಷೆಗಿಂತ ಸುಮಾರು 40 ಮೈಲಿ ಕಮ್ಮಿ! ನಕ್ಷೆಯೊಳಗ 400 ಮೈಲಿ ಇದ್ದದ್ದು ಅಳದ್ರ 360.

ಕಾಕಾ ಗಪ್ ಕುಂತು ವಿಚಾರ ಮಾಡಿದ್ರು. "ನಲವತ್ತು ಮೈಲಿ ಯಾರ ಹೆಸರಿಲೆ ಇತ್ತೋ ತಮ್ಮಾ? ನಮ್ಮ ಕಡೆ ನಾಕು ಗುಂಟೇಕ ಅಣ್ಣತಮ್ಮಂದ್ರು ಕೋರ್ಟ್ ಹತ್ತತಾರ."

ಸುಂಕಸಾಳ, ರಾಮನಗುಳಿ ಕಡೆ ಬರೂದ್ರಾಗ ಎಡಕ್ಕ ಮರದ ಸಂದಿಯೊಳಗ ಗಂಗಾವಳಿ ಕಾಣಾಕತ್ತು. ಇದು ನಮ್ಮದ ನೀರು. ಧಾರವಾಡದ ಸೋಮೇಶ್ವರ ಗುಡಿ ಹತ್ರ ಹುಟ್ಟೋ ಶಾಲ್ಮಲಾ, ಕಲಘಟಗಿ ಕಡೆ ಬೇಡ್ತಿ ಸೇರಿ, ಘಟ್ಟ ಇಳದ ಮ್ಯಾಲೆ ಗಂಗಾವಳಿ ಅಂತ ಹೆಸರು ಬದಲ ಮಾಡಕೊಂಡು ಸಮುದ್ರಕ್ಕ ಹೋಗತೈತಿ. ಲಗ್ನಾಗಿ ಹೋದ ಹುಡುಗಿ ಹಂಗ ಅಂತ ಕಾಕಾ ಅಂದ್ರು. ಅಕಿ ಹೋಗಿ ಎಲ್ಲಿ ಮುಟ್ಟತಾಳ ನೋಡೂಣು, ಮೂರನೇ ದಿನಕ್ಕ ಅಂತ ಗುರುತು ಹಾಕ್ಕೊಂಡ್ವಿ.

ಅಂಕೋಲಾದಾಗ ಇಳದ್ರ ಸೆಕೆ ಅಂದ್ರ ಸೆಕೆ. ನಮ್ಮ ಬಿಸಲು ಸುಡತೈತಿ, ಇಲ್ಲಿಂದು ಕುದಸತೈತಿ. ರೋಡ್ ಮಗ್ಗಲಕ ಹಾಲಕ್ಕಿ ಹೆಣ್ಣುಮಕ್ಕಳು, ಕೊಳ್ಳ ತುಂಬ ಮಣಿಸರ, ಬುಟ್ಟಿಯೊಳಗ ಇಶಾಡ ಮಾವು ಇಟಕೊಂಡು ಕುಂತಿದ್ರು. ಕರಿ ಇಶಾಡಕ್ಕ 2023ರಾಗ ಜಿಐ ಟ್ಯಾಗ್ ಬಂತಲ್ಲ, ಅದನ್ನ ಓದಿ ಇಟಕೊಂಡಿದ್ದೆ. ಕರಿ ಯಾವುದು ಬಿಳಿ ಯಾವುದು ಹೆಂಗ ಗೊತ್ತಾಗತೈತಬೇ ಅಂತ ಕೇಳಿದ್ರ ಒಂದು ಅಜ್ಜಿ "ತಿಂದ್ರೆ ಗೊತ್ತಾಗ್ತದೆ" ಅಂತ ಒಂದು ಕೊಯ್ದು ಕೈಗಿಟ್ಟಳು. ಸಿಪ್ಪಿ ತೆಳ್ಳಗ, ನಾರ ಇಲ್ಲ, ಬಾಯಾಗ ಇಟ್ರ ಕರಗಿತು. ಎರಡು ಡಜನ್ ತಗೊಂಡ್ವಿ, ಕಾರಿನ ತುಂಬ ಅದ ವಾಸನಿ. ಧಾರವಾಡ ಆಪೂಸಿಗೆ ಇದು ಕಮ್ಮಿ ಇಲ್ಲ ಅಂತ ಹೇಳಾಕ ಕಾಕಾಗ ಅಭಿಮಾನ ಅಡ್ಡ ಬಂತು, ಆದ್ರ ಆರು ತಿಂದ್ರು.

ಕಾರವಾರ ಮುಟ್ಟಿ ರೂಮ್ ಹಿಡದು ಬಿಸಲು ಇಳದ ಮ್ಯಾಲೆ ಟಾಗೋರ್ ಬೀಚಿಗೆ ಹೋದ್ವಿ. ಕಾಕಾ ಸಮುದ್ರ ನೋಡಿ ಏನಂತಾರ ಅಂತ ನಾನೂ ಮಗಳೂ ಅವರ ಮಾರಿನ ನೋಡಾಕತ್ತಿದ್ವಿ. ಅವರು ಒಂದು ಐದು ನಿಮಿಷ ನಿಂತ್ರು. ಆಮ್ಯಾಲೆ ಅಂದ್ರು, "ಇದರ ಬಬಲ್ ನಡುವ ಬರೂದ ಇಲ್ಲಲೋ." ಲೆವೆಲ್ ಮಷಿನ್ ಹಿಡದವರಿಗೆ ಗೊತ್ತು, ಗುಳ್ಳಿ ನಡುವ ಬಂದು ನಿಂತ್ರನ ಲೆವೆಲ್ಲು. ಇಲ್ಲಿ ನೋಡಿದ್ರ ಬಂತು, ಹೋತು, ಬಂತು, ಹೋತು.

ಅಲ್ಲಿ ಕುಂತು ನಾ ಹೇಳಿದೆ, ಇಡೀ ದೇಶದ ಸೊನ್ನಿ ಎಲ್ಲಿಂದ ಬಂತು ಗೊತ್ತೈತೇನ್ರಿ ಕಾಕಾ, ಅದರಾಗ ಈ ಊರಿಂದೂ ಪಾಲೈತಿ. 1909ರ ಲೆಕ್ಕದಾಗ ಒಂಬತ್ತು ಬಂದರಿನಾಗ ನೀರಿನ ಏರಿಳಿತ ಅಳದು ಸರಾಸರಿ ಹಿಡದ್ರು. ಕರಾಚಿ, ಮುಂಬೈ, ಕಾರವಾರ, ಬೇಪುರ, ಕೊಚ್ಚಿ, ನಾಗಪಟ್ಟಣ, ಮದ್ರಾಸ್, ವಿಶಾಖಪಟ್ಟಣ, ಫಾಲ್ಸ್ ಪಾಯಿಂಟ್. ಅದರಿಂದ ಬಂದ ಸೊನ್ನಿನ ಕಲ್ಲಿನಿಂದ ಕಲ್ಲಿಗೆ ಸಾಗಿಸಿಕೋತ ಘಟ್ಟ ಹತ್ತಿಸಿ ಊರೂರಿಗೆ ಮುಟ್ಟಿಸ್ಯಾರ, ಜಿಟಿಎಸ್ ಬಿಎಂ (ಸರ್ವೆಯವರ ಎತ್ತರದ ಗುರುತು) ಅಂತ ಕೆತ್ತಿದ ಕಲ್ಲು ಇರ್ತಾವಲ್ಲ, ಅವು. ಯಾರೋ ನಮ್ಮಂತಾವರ ಸ್ಟಾಫ್ ಹಿಡಕೊಂಡು ಅರಬೈಲ್‌ನಂತಾ ಘಟ್ಟ ಹತ್ಯಾರ ಅಂದ ಕೂಡ್ಲೆ ಕಾಕಾ ಎದ್ದು ಕುಂತ್ರು. ಯಾವ ತಿಂಗಳು ಹತ್ತಿದ್ರಂತ, ಮಳಿಗಾಲ ಇತ್ತೇನು, ಪಗಾರ ಎಷ್ಟಂತ. ಪಗಾರ ನನಗೆಲ್ಲಿ ಗೊತ್ತಾಗಬೇಕು.

ಅಷ್ಟರಾಗ ಮಗಳು ಚೀರಿದ್ಲು, "ಪಪ್ಪಾ ಮೈನಸ್ ತೋರಸಾಕತ್ತೈತಿ!" ಅಕಿ ಸುಮ್ಮನಿರದ ಇನ್ನೊಂದು ಆ್ಯಪ್ ಹಾಕಿದ್ಲು, ಅದು ಮೈನಸ್ 70-80 ಮೀಟರ್ ನಡುವ ಏನೋ ತೋರಸಾಕತ್ತಿತ್ತು. ನಾವು ಉಸುಕಿನ ಮ್ಯಾಲೆ ಕುಂತೇವಿ, ಫೋನ್ ಪ್ರಕಾರ ನೀರಿನ ತಳದಾಗ. ಇದು ತಪ್ಪಲ್ಲ, ಮಜಾ ಐತಿ. ಉಪಗ್ರಹದ ಜಿಪಿಎಸ್‌ಗೆ ಸೊನ್ನಿ ಅಂದ್ರ ಲೆಕ್ಕದ ಒಂದು ನುಣ್ಣನ ಗೋಳ, ಧ್ರುವದ ಕಡೆ ಚೂರು ಚಪ್ಪಟಿ. ಖರೇ ಸಮುದ್ರ ಆ ಗೋಳಕ್ಕ ಸರಿಯಾಗಿ ಕೂಡಂಗಿಲ್ಲ, ಭೂಮಿಯ ಸೆಳೆತ ಎಲ್ಲಾ ಕಡೆ ಒಂದ ನಮೂನಿ ಇಲ್ಲ ಅಂತ ಕೆಲವು ಕಡೆ ಉಬ್ಬೈತಿ ಕೆಲವು ಕಡೆ ತಗ್ಗೈತಿ. ಎಲ್ಲಾಕ್ಕಿಂತ ದೊಡ್ಡ ತಗ್ಗು ಇರೂದು ಶ್ರೀಲಂಕಾದ ದಕ್ಷಿಣಕ್ಕ, 100 ಮೀಟರ್‌ಗೂ ಹೆಚ್ಚು, ಅದರ ಇಳಿಜಾರಿನ್ಯಾಗ ನಾವೆಲ್ಲಾ ಇದ್ದೇವಿ. ಮೊದಲಿನ ಆ್ಯಪ್ ಇದನ್ನ ಸರಿಪಡಿಸಿ ತೋರಸತಿತ್ತು, ಇದು ಹಸಿ ಹಸಿ ತೋರಸತೈತಿ. ಅಂದ್ರ ಸೊನ್ನಿ ಎರಡಾದ್ವು. ಕಾಕಾ "ಚಹಾ ಕುಡಿಯೂಣು ನಡಿ" ಅಂದ್ರು.

ರಾತ್ರಿ ಕೋಡಿಬಾಗ ಕಡೆ ಹೋಗಿ ಕಾಳಿ ನದಿ ಸೇತುವೆ ನೋಡಿ ಬಂದ್ವಿ. 2024ರ ಆಗಸ್ಟಿನ್ಯಾಗ ಹಳೇ ಸೇತುವೆ ಕುಸಿದು ಲಾರಿ ನೀರಿಗೆ ಬಿದ್ದಿತ್ತಲ್ಲ, ಅದರ ಜಾಗಾ. ಕಾಮಗಾರಿ ಕೆಲಸದವರಿಗೆ ಇಂತಾ ಜಾಗಾದಾಗ ಊಟ ಸೇರಂಗಿಲ್ಲ.

ಎರಡನೇ ದಿನ, ರವಿವಾರ

ಮುಂಜಾನೆದ್ದು ತಂಪಿನ್ಯಾಗ ಬೀಚಿನ ಮ್ಯಾಲೆ ಮಷಿನ್ ಹಚ್ಚಿ ಮಗಳಿಗೆ ತೋರಸೂಣು ಅಂತ ಸ್ಟ್ಯಾಂಡ್ ಊರಿದ್ವಿ. ಹತ್ತು ನಿಮಿಷ ಆಗಿರಲಿಲ್ಲ, ಕಾವಲು ಕಾಯೋರೊಬ್ಬರು ಬಂದ್ರು. "ಇದು ಎಂತ ಮಷಿನ್? ಯಾರ ಪರ್ಮಿಷನ್?" ಬರೋಬ್ಬರಿ ಕೇಳಿದ್ರು ಬಿಡ್ರಿ, ಬಾಜೂಕ ನೌಕಾನೆಲೆ ಇಟಕೊಂಡ ಊರಾಗ ದುರ್ಬೀನಿನಂತಾದ್ದು ಹಚ್ಚಿ ಸಮುದ್ರದ ಕಡೆ ತಿರಗಿಸಿದ್ರ ಯಾರು ಸುಮ್ಮನಿರ್ತಾರ, ನನಗ ಮೊದಲ ತಲಿಯಾಗ ಬರಬೇಕಿತ್ತು. ಆಧಾರ ತೋರಿಸಿದ್ವಿ, ಪ್ರಾಜೆಕ್ಟ್ ಅಂದ್ವಿ. ಅವರು ಒಳಗ ಏನು ಕಾಣತೈತಿ ಅಂತ ತಾವೂ ಕಣ್ಣಿಟ್ಟು ನೋಡಿದ್ರು, ಅತ್ಲಾಗ ಕಾಕಾ ಸ್ಟಾಫ್ ಹಿಡಕೊಂಡು ಮಿಲಿಟರಿಯವರಂಗ ಅಟೆನ್ಷನ್ ನಿಂತಿದ್ರು, ಅದನ್ನ ನೋಡಿ ನಕ್ಕು, "ಪ್ಯಾಕ್ ಮಾಡಿ, ಮಾರಾಯ್ರೆ" ಅಂದ್ರು. ಅಷ್ಟ. ಕಾರವಾರಕ್ಕ ಹೋಗೋರು ಡ್ರೋನು ಗೀನು ಇದ್ರ ಮನಿಯಾಗ ಬಿಟ್ಟು ಹೋಗ್ರಿ. ಸ್ಟಾಫಿಗೆ ಅವರು ಏನೂ ಅನ್ನಲಿಲ್ಲ, ಪಟ್ಟಿ ಹಚ್ಚಿದ ಕೋಲು ಅದು.

ಹೋಗೋ ಮುಂದ ಅವರ ದೂರದ ಒಂದು ನಡುಗಡ್ಡಿ ತೋರಿಸಿ ಅಲ್ಲಿ ದೀಪಸ್ತಂಭ ಐತಿ ಅಂದ್ರು, ಆಯ್ಸ್ಟರ್ ರಾಕ್, ದೇವಗಡ ಅಂತಾರ, 1864ರಿಂದ ದೀಪ ಹಚ್ಚತಾರಂತ. ಹಡಗದವರ ನಕ್ಷೆಯೊಳಗ ಇನ್ನೊಂದ ಸೊನ್ನಿ ಇರತೈತಿ ಅಂತ ನಾ ಕಾರಿನ್ಯಾಗ ಹೇಳಿದೆ. ಅವರಿಗೆ ಸರಾಸರಿ ಬ್ಯಾಡ, ನೀರು ಭಾಳ ಅಂದ್ರ ಭಾಳ ಇಳದಾಗ ಎಷ್ಟು ಉಳಿತೈತಿ ಅನ್ನೂದು ಬೇಕು, ಹಡಗದ ತಳ ಬಡೀಬಾರದಲ್ಲ, ಅದಕ್ಕ ಆ ತಳಮಟ್ಟದ ಇಳಿತಾನ ಸೊನ್ನಿ ಅಂತ ಹಿಡದು ಅಲ್ಲಿಂದ ಕೆಳಗ ಆಳ ಬರೀತಾರ. ಈ ಸಮುದ್ರ ನಕ್ಷೆ ಮಾಡೋ ನೌಕಾಪಡೆ ಆಫೀಸು ಇರೂದು ಡೆಹ್ರಾಡೂನ್‌ನ್ಯಾಗ, ಹಿಮಾಲಯದ ಬುಡಕ್ಕ. "ಅಲ್ಲೇ ಬರೋಬ್ಬರಿ" ಅಂದ್ರು ಕಾಕಾ, "ನೀರು ಅಡ್ಡ ಬರಂಗಿಲ್ಲ."

ಅಲ್ಲಿಂದ ದಕ್ಷಿಣಕ್ಕ, ಮಾದನಗೇರಿ ಕ್ರಾಸಿನಿಂದ ಒಳಗ ಹೊಳ್ಳಿದ್ರ ಸಾಣಿಕಟ್ಟಾ. ಉಪ್ಪಿನ ಗದ್ದಿ. ನಮ್ಮ ಕಡೆ ಗದ್ದಿ ಮಡಿ ಕಟ್ಟಿದಂಗ ಚೌಕ ಚೌಕ, ನಡುವ ಒಡ್ಡು, ಒಡ್ಡಿನ ಮ್ಯಾಲೆ ಉಪ್ಪಿನ ಗುಂಪಿ. ಭರ್ತಿ (ಉಬ್ಬರ) ಬಂದಾಗ ಅಘನಾಶಿನಿಯ ಉಪ್ಪುನೀರು ಕಾಲುವಿಗೆ ಬಿಟಕೋತಾರ, ಒಂದು ಮಡಿಯಿಂದ ಇನ್ನೊಂದಕ್ಕ ಸಾಗಿಸಿಕೋತ ಬಿಸಲಿಗೆ ಗಟ್ಟಿ ಮಾಡತಾರ, ಕಡೀಕ ಕಟಗಿ ಹಲಗಿಲೆ ಎಳೀತಾರ. ಒಬ್ಬಾಂವ ಎಳ್ಯಾಕತ್ತಿದ್ದ, ನೀರಿನ ತಳದಿಂದ ಹರಳು ಸರ್ರ್ ಅಂತ ಬರೋ ಸಪ್ಪಳ ಇನ್ನೂ ಕಿವಿಯಾಗೈತಿ, ನಮ್ಮ ಅಂಗಳದಾಗ ಜ್ವಾಳಾ ಬಳದಂಗ. ಮುಟಗಿ ಉಪ್ಪು ಕೊಟ್ಟ, ಬೆಳ್ಳಗಿಲ್ಲ, ಚೂರು ಮಣ್ಣಿನ ಬಣ್ಣ. 1930ರಾಗ ಅಂಕೋಲಾದಾಗ ಉಪ್ಪಿನ ಸತ್ಯಾಗ್ರಹ ಆದದ್ದು ಇದ ಕರಾವಳಿ ಮ್ಯಾಲೆ. ಕಾಕಾ ರೊಟ್ಟಿ ಗಂಟು ಬಿಚ್ಚಿ ಅಲ್ಲೇ ಒಡ್ಡಿನ ಮ್ಯಾಲೆ ಕುಂತು ಉಳ್ಳಾಗಡ್ಡಿಗೆ ಆ ಉಪ್ಪು ಹಚ್ಕೊಂಡು ತಿಂದ್ರು, ಆ ಉಪ್ಪಿನವಗೂ ಎರಡು ರೊಟ್ಟಿ ಕೊಟ್ರು. ಅಂವ ಕಡಕ್ ರೊಟ್ಟಿ ಎರಡೂ ಕಡೆ ತಿರಗಿಸಿ ನೋಡಿ, "ಇದು ಹಪ್ಪಳವಾ?" ಅಂದ.

ಮುಂದ ಹೊಂಟ್ವಿ, ಫೋನಿನ ಹೆಂಗಸು ಬಲಕ್ಕ ತಿರಗ್ರಿ ಅಂದ್ಲು, ತಿರಗಿದೆ. ಮಣ್ಣಿನ ರೋಡು, ಸಣ್ಣದಾತು, ಇನ್ನೂ ಸಣ್ಣದಾತು, ಎರಡೂ ಕಡೆ ನೀರು, ಕಾಂಡ್ಲಾ ಗಿಡದ ಬೇರು. 200 ಮೀಟರ್ ಹೋದ ಮ್ಯಾಲೆ ಗೊತ್ತಾತು ಇದು ರೋಡ ಅಲ್ಲ, ಗಜನಿ ಒಡ್ಡು. ಮುಂದ ನೀರಿನ್ಯಾಗ ಮುಗಿತೈತಿ. ಫೋನಿನ್ಯಾಗ ಇನ್ನೂ ಬಿಳೇ ಗೆರಿ ನೆಟ್ಟಗ ಹೋಗೈತಿ. ಹೊಳ್ಳಸಾಕ ಜಾಗಾ ಇಲ್ಲ, ರಿವರ್ಸ್ ತಗೊಳ್ಳಾಕ ಹೋಗಿ ಹಿಂದಿನ ಎಡ ಗಾಲಿ ಅಂಚಿಗೆ ಜಾರಿ ಕಾರು ಒಂದು ಕಡೆ ವಾಲಿತು. ಮಗಳು ಅಳೂ ಮಾರಿ ಮಾಡಿದ್ಲು, ಕಾಕಾ ಇಳದು ಚಪ್ಪಲ ತಗದು ಗಾಲಿ ಕೆಳಗ ಇಟ್ರು (ಆ ಚಪ್ಪಲ ಹೋದ್ವು). ದೂರಿಂದ ನೋಡಿದ ನಾಕು ಹುಡುಗರು ಬಂದು, ಇದೇನೂ ಹೊಸಾದಲ್ಲ ಅನ್ನೋಹಂಗ ಹಿಂದ ನಿಂತು "ಒಂದು, ಎರಡು" ಅಂತ ಎತ್ತಿ ಇಟ್ರು. ಫೋನ್ ನೋಡ್ಕೊಂಡು ಬಂದೋರು ಈ ಸೀಸನ್ನಿಗೆ ನೀವು ಮೂರನೇದವರು ಅಂದ್ರು. ರೊಕ್ಕ ಕೊಡಾಕ ಹೋದ್ರ ಬ್ಯಾಡ ಅಂದ್ರು, ಮಾವಿನಹಣ್ಣು ಇಸಕೊಂಡ್ರು.

ಈ ಗಜನಿ ಅನ್ನೂದು ನನಗ ಹೊಸಾದು. ಒಡ್ಡು ಕಟ್ಟಿ, ಹಲಗಿ ಬಾಗಿಲ ಇಟ್ಟು, ಉಪ್ಪುನೀರು ಬೇಕಂದಾಗ ಒಳಗ ಬ್ಯಾಡಂದಾಗ ಹೊರಗ. ಮಳಿಗಾಲದಾಗ ಕಗ್ಗ ಅಂತ ಭತ್ತ ಹಾಕತಾರ, ಉಪ್ಪು ತಡಕೊಳ್ಳೋ ತಳಿ, ನೀರಾಗ ಮುಳುಗಿದ್ರೂ ಎದ್ದು ಬರತೈತಿ, ಅದು ಕೊಯ್ದ ಮ್ಯಾಲೆ ಅದ ಗದ್ದಿಯೊಳಗ ಮೀನು, ಸಿಗಡಿ. ಹಂಗಂದ್ರ ವರ್ಷದಾಗ ಅರ್ಧ ನೆಲ, ಅರ್ಧ ಸಮುದ್ರ. ನಕ್ಷೆ ಮಾಡಾಂವ ಇಲ್ಲಿ ಗೆರಿ ಎಲ್ಲಿ ಎಳೀಬೇಕು ಹೇಳ್ರಿ? ಮಗಳ ದಾರದ ಗುಟ್ಟು ನನಗ ಇಲ್ಲೇ ಬಗಿಹರೀತು. ದೇಶದ ಕರಾವಳಿ ಮೊದಲ 7,516 ಕಿಮೀ ಅಂತಿತ್ತು, ಈಗ 11,098. ನೆಲ ಏನೂ ಬೆಳದಿಲ್ಲ, 1970ರ ದಶಕದಾಗ ಸಣ್ಣ ಅಳತಿ ನಕ್ಷೆ ಇಟಕೊಂಡು ಅಳದಿದ್ರು, 45 ಲಕ್ಷಕ್ಕ ಒಂದರಂಗ, ಅದರಾಗ ಇಂತಾ ಕೊಲ್ಲಿ, ಅಳಿವೆ, ಒಡ್ಡು ಎಲ್ಲಾ ಒಂದ ಗೀಟು. ಈಗ ಎರಡೂವರಿ ಲಕ್ಷಕ್ಕ ಒಂದರಂಗ ಅಳದಾರ, ಪ್ರತಿ ಮೂಲಿಗೂ ದಾರ ಹೊಕ್ಕು ಬರಬೇಕು, ಅದಕ್ಕ ಉದ್ದ. ಪಶ್ಚಿಮ ಬಂಗಾಳದ್ದು 157 ಇದ್ದದ್ದು 721 ಆಗೈತಿ. ನಮ್ಮದು 280ರಿಂದ 343. ನಮ್ಮ ಕಾರು ಜಾರಿದ ಒಡ್ಡು ಎಣಿಸಿದ್ರ ಇನ್ನೂ 200 ಮೀಟರ್ ಕೂಡಿಸಬೇಕು.

ಸಂಜಿ 4ಕ್ಕ ತದಡಿ. ನೀರು ಇಳದಿತ್ತು, ನದಿ ನಡುವ ಕೆಸರಿನ ದಿಬ್ಬ ಎದ್ದು ನಿಂತಿದ್ವು, ಅದರ ಮ್ಯಾಲೆ ಮೂವತ್ತು ನಲವತ್ತು ಹೆಣ್ಣುಮಕ್ಕಳು ಬಗ್ಗಿ ಬೆಳಚು, ಅಂದ್ರ ತಿನ್ನೋ ಚಿಪ್ಪು, ಆರಿಸಾಕತ್ತಿದ್ರು. ಸೊಂಟಕ್ಕ ಹಗ್ಗ, ಹಗ್ಗಕ್ಕ ಒಂದು ಪ್ಲಾಸ್ಟಿಕ್ ಬೋಗುಣಿ, ಅದು ತೇಲಕೋತ ಹಿಂದ ಹಿಂದ ಬರತೈತಿ, ಸಾಕಿದ ಬಾತುಕೋಳಿಯಂಗ. ಕಣ್ಣಿಲೆ ನೋಡಂಗಿಲ್ಲ, ಅಂಗಾಲಿಲೆ ತಡವಿ ಚಿಪ್ಪು ಹತ್ತೂದ ತಡ ಕೈ ಹಾಕತಾರ. ಈ ಅಘನಾಶಿನಿ ಅಳಿವೆಗೆ 2024ರಾಗ ರಾಮ್ಸಾರ್ ಪಟ್ಟ, ಅಂದ್ರ ಜಗತ್ತಿನ ಮಹತ್ವದ ಜೌಗು ನೆಲದ ಪಟ್ಟಿಯೊಳಗ ಜಾಗಾ, ಸಿಕ್ಕೈತಿ. ದಡಕ್ಕ ಬಂದ ಒಬ್ಬ ಹೆಣ್ಣುಮಗಳಿಗೆ ನನ್ನ ಮಗಳು ಕೇಳಿದ್ಲು, ನೀರು ಏರಾಕತ್ತಿದ್ದು ಹೆಂಗ ಗೊತ್ತಾಗತೈತ್ರಿ ಅಂತ. "ಕಾಲಿಗೆ ತಂಪು ಬಡೀತದೆ ತಂಗಿ" ಅಂದ್ಲು ಆಕಿ. ಕಡಲಿನ ಹೊಸಾ ನೀರು ತಂಪಂತ, ಕೆಸರಿನ ಮ್ಯಾಲೆ ಕಾದ ನೀರು ಬಿಸಿ.

ಆ ರಾತ್ರಿ ಉಳಕೊಂಡ ಮನಿ ಯಜಮಾನ್ರು ಊಟಕ್ಕ ಅಪ್ಪೆಹುಳಿ ಹಾಕಿದ್ರು, ಮಾವಿನಮಿಡಿ ವಾಸನಿಗೇ ನಿದ್ದಿ ಬರಬೇಕು ಹಂಗಿತ್ತು. ಅವರ ಕಥಿ ಬ್ಯಾರೆ. ಹಿಂದಿನ ಖೋಲಿ ಮ್ಯಾಲೆ ಇನ್ನೊಂದು ಖೋಲಿ ಎಬ್ಬಿಸಬೇಕು, ಸಿಆರ್‌ಝಡ್ (ಕರಾವಳಿ ನಿಯಂತ್ರಣ ವಲಯ) ಅಡ್ಡ ಬರತೈತಿ. 1991ರಿಂದ ಐತಿ ಆ ಕಾನೂನು, ಉಬ್ಬರದ ಗೆರಿಯಿಂದ 500 ಮೀಟರ್ ಒಳಗ ಎಲ್ಲಾಕ್ಕೂ ಲಗಾಮು. "ಗೆರೆ ಎಲ್ಲುಂಟು ಅಂತ ಅವರು ಕಂಪ್ಯೂಟರಿನಲ್ಲಿ ತೋರಿಸ್ತಾರೆ. ನಮ್ಮ ಅಜ್ಜ ನೆಟ್ಟ ತೆಂಗು ಈಗ ಅಲೆಯಲ್ಲಿ ನಿಂತದೆ, ಗೆರೆ ಹಿಂದೆ ಬಂದ್ರೆ ನಾವೂ ಹಿಂದೆ ಹೋಗ್ಬೇಕಾ?" ಅಂದ್ರು. ನಾನೂ ಗೆರಿ ಎಳಿಯೋ ಪೈಕಿ ಅಂತ ಅವರಿಗೆ ಹೇಳಲಿಲ್ಲ.

ಮೂರನೇ ದಿನ, ಸೋಮವಾರ, ಹುಣ್ಣಿವಿ

ಗೋಕರ್ಣದಾಗ ಲಗೂನ ದರ್ಶನ ಮುಗಿಸಿ, ಪಾಳಿ ಸಣ್ಣದಿತ್ತು ಪುಣ್ಯಾಕ್ಕ, ಕಾಕಾಗ ಹೊಸಾ ಚಪ್ಪಲ ಕೊಡಿಸಿ ಹೈವೇಗೆ ಬಂದ್ವಿ. ಕಾಕಾ ಶಿರೂರು ನೋಡಬೇಕಂದಿದ್ರು. 2024ರ ಜುಲೈ 16ಕ್ಕ ಗುಡ್ಡ ಕುಸಿದು ಹೈವೇ ಮ್ಯಾಲಿದ್ದವರನ್ನ ಗಂಗಾವಳಿಗೆ ತಳ್ಳಿದ ಜಾಗಾ. ಆ ಮಣ್ಣಿನ ಹೊಡತಕ್ಕ ನದಿ ನೀರು ಎದ್ದು ಅತ್ಲಾಗಿನ ದಂಡಿಯ ಉಳುವರೆಗೆ ಬಡದಿತ್ತು. ಗುಡ್ಡದ ಕೆಂಪು ಗಾಯ ಇನ್ನೂ ಕಾಣತೈತಿ. ಅಲ್ಲಿ ಗಾಡಿ ನಿಲ್ಲಸೂದು ಬ್ಯಾಡ ಅನಿಸಿತು, ಸಾವಕಾಶ ಹೋದ್ವಿ, ಯಾರೂ ಮಾತಾಡಲಿಲ್ಲ.

ಮಂಜಗುಣಿ ಮುಟ್ಟಿದಾಗ ಹತ್ತೂಕಾಲು. ಹಿಂಗ ನದಿ, ಹಿಂಗ ಸಮುದ್ರ, ನಡುವ ಉಸುಕಿನ ನಾಲಗಿ. ನಾವು ಉಸುಕು ಅಂತೀವಿ, ಇಲ್ಲಿಯವರು ಹೊಯ್ಗೆ ಅಂತಾರ. ದೋಣಿ ಹತ್ತೋ ಹಳೇ ಮೆಟ್ಟಿಲಿನ ಮ್ಯಾಲೆ ಒಬ್ಬ ಅಜ್ಜ ಬಲಿ ಹೆಣಕೋತ ಕುಂತಿದ್ರು. ನೀರು ಎಷ್ಟೊತ್ತಿಗೆ ಪೂರಾ ತುಂಬತೈತ್ರಿ ಅಜ್ಜಾರ ಅಂದೆ, ಫೋನಿನ್ಯಾಗ ನೋಡಿಟ್ಟಿದ್ದೆ, ಆದ್ರೂ. ಅವರು ತಲಿ ಎತ್ತದನ, "ಇವತ್ತು ಹುಣ್ಣಿಮೆ, ತಿಥಿ ಹದಿನೈದು. ಅದರ ಮುಕ್ಕಾಲು ಮಾಡಿ." ಮಗಳು ಲೆಕ್ಕ ಹಾಕಿದ್ಲು, ಹನ್ನೊಂದೂಕಾಲು. "ನಮ್ಮಲ್ಲಿ ಅದಕ್ಕೂ ಸ್ವಲ್ಪ ಮೊದಲೇ ತುಂಬ್ತದೆ." ಫೋನೂ ಹತ್ರ ಹತ್ರ ಅದ ಹೇಳತಿತ್ತು! ಅಷ್ಟಮಿ ಇದ್ರ ಆರಕ್ಕ, ಪಂಚಮಿ ಇದ್ರ ಮೂರೂಮುಕ್ಕಾಲು, ದಿನಾ ಮುಕ್ಕಾಲು ತಾಸು ಹಿಂದ ಬೀಳತೈತಿ, ಚಂದ್ರನ ಜೋಡಿ. ಅಜ್ಜನ ಗಡಿಯಾರ ಪಂಚಾಂಗ.

ಕಾಕಾ ಹೊಸಾ ಚಪ್ಪಲ ಮ್ಯಾಲಿಟ್ಟು, ಧೋತರ ಮ್ಯಾಲೆ ಕಟ್ಟಿ, ಮೆಟ್ಟಿಲಿನ ಬುಡಕ್ಕ ಸ್ಟಾಫ್ ಊರಿ ಹಿಡದ್ರು. ಒಂದು ಪಟ್ಟಿ 5 ಮಿಮೀ. ತೆರಿ ಏರಿದಾಗೊಂದು ಇಳದಾಗೊಂದು ಓದಿ ನಡುವಿಂದು ಹಿಡಿ ಅಂತ ಮಗಳಿಗೆ ಹೇಳಿದೆ. ಅರ್ಧ ತಾಸಿಗೊಮ್ಮೆ ಓದೂದು. ಹನ್ನೊಂದಕ್ಕ 2.10. ಹನ್ನೆರಡಕ್ಕ 2.05. ಆ ಮ್ಯಾಲೆ ನೀರಿಗೆ ಇಳಿಯೂ ಹುಕಿ ಬಂತು, ಒಂದೂವರಿಗೆ 1.60. ಮೊದಲ ಕಾಕಾ ಒಬ್ಬರ ಹಿಡದ್ರು, ಬಿಸಲಿಗೆ ತಡೀಲಾರದ ಆಮ್ಯಾಲೆ ಸ್ಟಾಫ್ ಮೆಟ್ಟಿಲಿನ ಗೂಟಕ್ಕ ಕಟ್ಟಿದ್ವಿ. ಅಜ್ಜ ಬಲಿ ಬಿಟ್ಟು ಮಗಳ ವಹಿ ನೋಡಾಕ ಬಂದ್ರು. ಊಟಕ್ಕ ಅವರ ಮನಿಯಿಂದ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಬಂತು, ನಾವು ಚಟ್ನಿ ಕೊಟ್ವಿ. ಶೇಂಗಾ ಚಟ್ನಿ ಗಂಜಿಗೆ ಇಷ್ಟು ಚಲೋ ಹೊಂದತೈತಿ ಅಂತ ನನಗೂ ಗೊತ್ತಿರಲಿಲ್ಲ. ಜೂನ್ ಒಂದರಿಂದ ಎರಡು ತಿಂಗಳು ಯಾಂತ್ರಿಕ ಬೋಟ್ ಬಂದ್, ಅಷ್ಟರಾಗ ಬಲಿ ಎಲ್ಲಾ ಸರಿ ಮಾಡಿಡಬೇಕು ಅಂತ ಹೇಳಕೋತ ಹೆಣಿಯೂದು ನಡದ ಇತ್ತು.

ನಾಲ್ಕೂವರಿಗೆ 0.65. ಐದೂವರಿ ತಾಸಿನ್ಯಾಗ ಒಂದೂವರಿ ಮೀಟರ್ ಹತ್ರ ನೀರು ಇಳದಿತ್ತು, ಮುಂಜಾನೆ ನಾವು ದೋಣಿ ನೋಡಿದ ಜಾಗಾದಾಗ ಈಗ ಏಡಿ ಓಡಾಡತಿದ್ವು. ಮಗಳು ಎಲ್ಲಾ ಕೂಡಿಸಿ ಭಾಗಿಸಿ, "1.44, ಇದ ಸೊನ್ನಿ" ಅಂತ ಪೆನ್ನಿಲೆ ಚೌಕ ಹಾಕಿದ್ಲು. ನಾ ಹೇಳಿದೆ, ಇದು ಇವತ್ತಿನ ಅರ್ಧ ದಿನದ್ದವ್ವಾ, ಖರೇ ಸರಾಸರಿ ಬೇಕಂದ್ರ ಸುಮಾರು 19 ವರ್ಷ ಹಿಂಗ ಓದಬೇಕು, ಚಂದ್ರನ ದಾರಿ ಒಂದು ಸುತ್ತು ತಿರಗಿ ಬರಾಕ 18.6 ವರ್ಷ ಬೇಕು. ಅದೂ ಅಲ್ಲದ ಈಗ ಸಮುದ್ರನ ವರ್ಷಕ್ಕ 3-4 ಮಿಮೀ ಏರಾಕತ್ತೈತಿ. "ಅಂದ್ರ ಒಂದು ಪಟ್ಟಿಗಿಂತ ಕಮ್ಮಿ" ಅಂದ್ರು ಕಾಕಾ, ಸ್ಟಾಫ್ ಮ್ಯಾಲೆ ಉಗುರಿಟ್ಟು ನೋಡಿ. ಆಮ್ಯಾಲೆ ಬೆರಳು ಮಡಚಗೋತ, "ನಾ ಹಿಡದದ್ದು 22 ವರ್ಷ. ಅಷ್ಟರಾಗ ಹದಿನೈದು ಹದಿನಾರು ಪಟ್ಟಿ ಆತಲ್ಲೋ."

ಅಜ್ಜಗ ಮಗಳು ಚೌಕ ಹಾಕಿದ್ದನ್ನ ತೋರಿಸಿದ್ಲು, ಇದು ಸಮುದ್ರ ಮಟ್ಟ ರೀ ಅಂತ. ಅವರು ಮೆಟ್ಟಿಲಿನ ಕಡೆ ಕೈ ಮಾಡಿ, "ಆಷಾಢದಲ್ಲಿ ಬಾ ತಂಗಿ, ಘಟ್ಟದ ನೀರು ಬರ್ತದೆ, ಆಗ ಈ ಮೆಟ್ಟಿಲೇ ಕಾಣೂದಿಲ್ಲ" ಅಂದ್ರು. ಘಟ್ಟದ ನೀರು ಅಂದ್ರ ಧಾರವಾಡದ ನೀರು. ಕಾಕಾ ಬೊಗಸಿ ತುಂಬ ಎತ್ತಿ ಬಾಯಿಗೆ ಹಾಕ್ಕೊಂಡು ಥೂ ಅಂತ ಉಗಳಿದ್ರು, "ಸೋಮೇಶ್ವರದಾಗ ಸಿಹಿ ಇತ್ತಲ್ಲೋ ಇದು."

ಕತ್ತಲಾಗೋದ್ರಾಗ ಘಟ್ಟ ಹತ್ತಬೇಕಂತ ಲಗೂ ಬಿಟ್ವಿ, ಆದ್ರೂ ಅರಬೈಲ್‌ನ್ಯಾಗ ಲಾರಿ ಹಿಂದ ಸಿಕ್ಕೊಂಡು ಹುಬ್ಬಳ್ಳಿ ಮುಟ್ಟಿದಾಗ ಹತ್ತಾಗಿತ್ತು. ಮಂಗಳವಾರ ಸೈಟಿಗೆ ಹೋದ್ರ ಸ್ಟಾಫಿನ ಎರಡನೇ ತುಂಡು ಮ್ಯಾಲೆ ಬರವಲ್ದು. ಸ್ಟಾಫ್ ಹಿಡಿಯೋ ಹೊಸಾ ಹುಡುಗ ಎಳದ, ಜಗ್ಗಿದ, ನೆಲಕ್ಕ ಬಡದ, ಒಳಗಿಂದ ಒಂದು ಹಿಡಿ ಮಂಜಗುಣಿ ಉಸುಕು ಸುರೀತು, ಆದ್ರೂ ಉಪ್ಪಿಗೆ ಬಿಗದು ಕುಂತೈತಿ. ಕಾಕಾಗ ಫೋನ್ ಹಚ್ಚಿದ್ರ ಸೀಮಿಎಣ್ಣಿ ಹಾಕಿ ಎರಡು ದಿನ ಬಿಸಲಿಗಿಡು ಅಂದ್ರು. ಬಿಸಲಿಗಿಟ್ಟೇನಿ.